ಮಾವ ಮಲಗಿದ ಕಂಬಳಿ

ತಿರುಗಿ ಬಂದ ಪಾರ್ಸಲನ್ನು ಮನಿಷಾ ಕಟ್ಟೆಯ ಮೇಲೆ ಬಿಚ್ಚಿದಳು. ಒಳಗಿದ್ದದ್ದು ಅವಳ ಮಾವ ಮಲಕಾರಿ ನೇಯ್ದ ಕರಿ ಕಂಬಳಿ. ಅವಳು ಮೊಬೈಲಿನಲ್ಲಿ ಅಂಗಡಿ ತೆರೆದ ಮೇಲೆ ಹೀಗೆ ವಾಪಸು ಬಂದದ್ದು ಇದು ಎರಡನೆಯದು. ಮೊದಲನೆಯವರು ‘ತಗಡಿನಂತೆ ಬಿರುಸು’ ಎಂದು ಬರೆದಿದ್ದರು. ಈಗಿನವರು ‘ಹೊಸದೆಂದು ಹಳೆಯದನ್ನು ಕಳಿಸಿದ್ದೀರಿ’ ಎಂದು ಫೋಟೊ ಸಮೇತ ಹಾಕಿದ್ದರು. ಫೋಟೊದಲ್ಲಿ ಕರಿ ಉಣ್ಣೆಯ ಮೇಲೆ ಒಂದು ಬಿಳಿ ಕೂದಲು ಹೊಳೆಯುತ್ತಿತ್ತು. ಅದರ ಕೆಳಗೆ ಆ್ಯಪ್ ಕಂಪನಿಯ ಎಚ್ಚರಿಕೆ: ಇನ್ನೊಂದು ವಾಪಸು ಬಂದರೆ ಅಂಗಡಿ ಬಂದ್.

ಮೈಸೂರಿನ ಆರ್ಡರ್ ಬೇರೆ ಇತ್ತು. ಅದನ್ನು ಸಂಜೆಯೊಳಗೆ ರಾಯಬಾಗದ ಕೊರಿಯರ್ ಆಫೀಸಿಗೆ ಮುಟ್ಟಿಸಬೇಕು.

“ಮಾಮಾ, ಈ ಕೂದ್ಲ ಯಾರದ್ರಿ?”

ಮಲಕಾರಿ ಫೋಟೊ ನೋಡಿ, ತಲೆಗೆ ಸುತ್ತಿದ ಪಟಗ ಸರಿಸಿ ಕೂದಲು ಸವರಿಕೊಂಡ. “ನಂದ ಇರಬೇಕ ಬೇ. ಈ ಮನ್ಯಾಗ ಮತ್ತ್ಯಾರ ತಲಿ ಇಷ್ಟ ಬೆಳ್ಳಗ ಐತಿ?”

“ನಿಮ್ಮ ಕೂದ್ಲ ಪಾರ್ಸಲ್‌ನ್ಯಾಗ ಯಾಕ ಹೋತ್ರಿ?”

ಒಳಗಿನಿಂದ ಅತ್ತೆ ರಾಮವ್ವ ನಕ್ಕಳು. “ದಿನಾ ಹೊಸಾ ಕಂಬಳಿ ಮ್ಯಾಲ ಮಕ್ಕೊಳ್ಳಾಕತ್ತಾರ. ಮಹಾರಾಜ ಆಗ್ಯಾರ ನಿಮ್ಮ ಮಾವ!”

“ಮೊದಲಿನವ್ರು ಬಿರುಸ ಅಂದಿದ್ರಲ್ಲ,” ಎಂದ ಮಲಕಾರಿ ತಗ್ಗಿದ ದನಿಯಲ್ಲಿ. “ಹುಣಸಿ ಬೀಜದ ಗಂಜಿ ಹಾಕಿದ್ದು, ಹೊಸದರಾಗ ಬಿರುಸ ಇರೂದ. ಪಾಪ, ಅವ್ರ ಮೈಗೆ ಚುಚ್ಚಿರಬೇಕು. ಮುಂದಿನವ್ರಿಗರೆ ಮೆತ್ತಗ ಇರ್ಲಿ ಅಂತ ತುಳದೆ, ಮಕ್ಕೊಂಡೆ. ಮೈಸೂರಿಂದೂ ಆಗೇತಿ.”

ಮನಿಷಾಳ ಬಾಯಿಗೆ ಬಂದಿದ್ದ ಸಿಟ್ಟು ಅಲ್ಲಿಯೇ ನಿಂತಿತು. ಮಗಳು ಹುಟ್ಟಿದಾಗ ಈ ಮನೆಯಲ್ಲಿ ತನಗೆ ಹೊದಿಸಿದ ಕಂಬಳಿ ಹೂವಿನಷ್ಟು ಮೆತ್ತಗಿತ್ತು. ಅದು ಉಣ್ಣೆಯ ಗುಣ ಎಂದೇ ಮನಿಷಾ ಇದುವರೆಗೂ ತಿಳಿದಿದ್ದಳು.

“ನನ್ನ ಬಾಣಂತನದ ಕಂಬಳಿನೂ ಹಿಂಗ ಮಾಡಿದ್ರೇನ್ರಿ?”

“ಮತ್ತ? ಬಾಣಂತಿಗೆ ಬಿರುಸ ಕೊಡಾಕ ಬರತೈತೇನು?”

“ಕೂದ್ಲ ಆರಿಸಿ ಸುಮ್ನ ಕಳಸ ಬೇ,” ಎಂದಳು ರಾಮವ್ವ. “ಯಾರಿಗಿ ತಿಳೀತೈತಿ?”

“ಬ್ಯಾಡ ಅತ್ತಿ. ಮುಚ್ಚಿಡಾಕ ನಾವೇನ ಕದ್ದೀವೇನು?”

ಮನಿಷಾ ಮೊಬೈಲ್ ಎತ್ತಿ ಹಿಡಿದಳು. ಅಂಗಳದಲ್ಲಿ ಮಲಕಾರಿ ಮೊದಲು ನಾಚಿದ. ಆಮೇಲೆ ಕಾಲು ತೊಳೆದು ಬಂದು, ಒಂದು ಹೊಸ ಕಂಬಳಿಯನ್ನು ಹಾಸಿ, ಅದರ ಮೇಲೆ ಕುಣಿದಂತೆ ತುಳಿಯತೊಡಗಿದ. ಆ ವಿಡಿಯೊದ ಜೊತೆ ಅವಳು ಮೈಸೂರಿಗೆ ಬರೆದಳು: ‘ಎರಡು ಕಂಬಳಿ ಸಿದ್ಧ ಇವೆ. ಒಂದು ಮಗ್ಗದಿಂದ ಇಳಿದದ್ದು, ಬಿರುಸಾಗಿದೆ. ಇನ್ನೊಂದನ್ನು ನಮ್ಮ ಮಾವ ತುಳಿದು, ಮೇಲೆ ಮಲಗಿ ಮೆತ್ತಗೆ ಮಾಡಿದ್ದಾರೆ. ಯಾವುದು ಕಳಿಸಲಿ? ಎರಡೂ ಬೇಡವಾದರೆ ಈಗಲೇ ಹೇಳಿ.’



ಬಸ್ಸಿನ ಹೊತ್ತಾಗುವ ಮೊದಲೇ ಉತ್ತರ ಬಂತು. ‘ಅಜ್ಜ ಮಲಗಿದ್ದನ್ನೇ ಕಳಿಸಿ. ನಮ್ಮ ತಾಯಿಗೆ ಮೈಕೈ ನೋವು. ಅಜ್ಜನಿಗೆ ನನ್ನ ನಮಸ್ಕಾರ.’

ಮನಿಷಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ರಾಮವ್ವ ಕಂಬಳಿಯನ್ನು ಬಿಸಿಲಿಗೆ ಹಿಡಿದು ಝಾಡಿಸಿ, ಕಣ್ಣು ಕಿರಿದು ಮಾಡಿ ಕೂದಲು ಹುಡುಕಿದಳು. ಮಲಕಾರಿ ತಾನೇ ಪಾರ್ಸಲಿಗೆ ದಾರ ಬಿಗಿದ.

ಬಸ್ಸಿನಲ್ಲಿ ಕುಳಿತ ಮನಿಷಾ ಅದೇ ವಿಡಿಯೊವನ್ನು ತನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದಳು. ಬಿರುಸು, ಮೆತ್ತಗೆ ಎಂದು ಎರಡು ಬಗೆ ಮಾಡಿದಳು. ರಾಯಬಾಗ ಬರುವುದರೊಳಗೆ ಹೊಸ ಆರ್ಡರ್ ಒಂದು ಬಂದಿತ್ತು. ಮೆತ್ತಗಿನದೇ. ಅವಳು ಮನೆಗೆ ಫೋನ್ ಮಾಡಿದಳು.

“ಹಂಗಾರ ಇನ್ನ ಮಕ್ಕೊಳ್ಳೂದ ನನ್ನ ಕೆಲಸ ಅನ್ನು,” ಎಂದ ಮಲಕಾರಿ.

“ಹೌದ್ರಿ ಮಾಮಾ. ಆದ್ರ ತಲಿಗೆ ಪಟಗ ಬಿಗಿಯಾಗಿ ಸುತ್ತಕೊಂಡ ಮಕ್ಕೋರ್ರಿ!”