ಅಸ್ತಮಾನದ ಅಂಕೆ

ಒಪ್ಪಿಗೆಯ ಗುಂಡಿಯನ್ನು ಒತ್ತುವ ಮೊದಲು ಅಬ್ದುಲ್ ಹಕೀಮರು ವೆಬ್‌ಸೈಟಿನ ಕರಾರನ್ನು ಆದ್ಯಂತವಾಗಿ ಓದಿಸಿ ಕೇಳಿದರು. ಅದಕ್ಕೆ ಮೂರು ಸಂಜೆಗಳು ಬೇಕಾದವು. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಅವರ ಮಗಳು ರಾಫಿಯಾ ಅಲ್ಲಿ ಪಾಠ ಹೇಳುತ್ತಿದ್ದಳು. ತರಗತಿಗಳು ಮುಗಿದ ಮೇಲೆ ಆಕೆ ಪರದೆಯ ಇಂಗ್ಲಿಷನ್ನು ಒಂದೊಂದೇ ವಾಕ್ಯವಾಗಿ ಓದಿ ಅರ್ಥ ಹೇಳುವಳು. ಇವರು ಕಣ್ಣು ಮುಚ್ಚಿ ಕೇಳಿ, ತಲೆದೂಗಿದ ಮೇಲೆಯೇ ಮುಂದಿನ ವಾಕ್ಯ. ಎರಡು ಸಲ ಅಷ್ಟರೊಳಗೆ ಸಂಪರ್ಕ ಕಡಿದು, ತುಂಬಿಸಿದ್ದ ಹೆಸರು ವಿಳಾಸಗಳೆಲ್ಲ ಅಳಿಸಿಹೋದವು.

“ಬಾಪಾ, ಇದನ್ನು ಲೋಕದಲ್ಲಿ ಯಾರೂ ಓದುದಿಲ್ಲ. ಕೆಳಗೆ ಒಂದು ಚೌಕ ಉಂಟು. ಅದರಲ್ಲಿ ಗೀಟು ಹಾಕಿ ಮುಂದೆ ಹೋಗುದು, ಅಷ್ಟೇ.”

“ಓದದೆ ಓದಿದ್ದೇನೆ ಅಂತ ಗೀಟು ಹಾಕುದಾ? ಅದಕ್ಕೆ ಸುಳ್ಳು ಸಾಕ್ಷಿ ಅಂತ ಹೆಸರು, ಮಗಳೇ.”

ಹಕೀಮರು ಬಂಟ್ವಾಳ ಪೇಟೆಯ ಮದ್ರಸದಲ್ಲಿ ಮೂವತ್ತೆರಡು ವರ್ಷ ಕಲಿಸಿ ನಿವೃತ್ತರಾದವರು. ನೆರಳು, ಅಕ್ಷಾಂಶ, ರೇಖಾಂಶಗಳಿಂದ ನಮಾಝಿನ ಹೊತ್ತುಗಳನ್ನು ಗುಣಿಸಿ ತೆಗೆಯುವ ಹಳೆಯ ವಿದ್ಯೆಯನ್ನು ಗುರುಮುಖದಿಂದ ಕಲಿತು, ಗುರುಗಳು ತೀರಿಕೊಂಡ ಮೇಲೆ ಆ ಕೆಲಸಕ್ಕೆ ತಾವೇ ಉತ್ತರಾಧಿಕಾರಿಯಾಗಿದ್ದರು. ಪ್ರತಿವರ್ಷ ರಮಝಾನಿಗೆ ಮುನ್ನ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳಿಗೆ ಸೂರ್ಯಾಸ್ತದ ನಿಮಿಷವನ್ನು ಪ್ರತ್ಯೇಕವಾಗಿ ಗುಣಿಸಿ, ಕೈಬರಹದ ಪಟ್ಟಿಗಳನ್ನು ಮಸೀದಿಗಳಿಗೆ ಕಳುಹಿಸುವರು. ಪಡುವಣಕ್ಕೆ ಗುಡ್ಡ ಅಡ್ಡವಾಗಿರುವ ಊರುಗಳಲ್ಲಿ ಸೂರ್ಯನು ಮುಳುಗುವುದು ಕಣ್ಣಿಗೆ ಕಾಣದು. ಅಲ್ಲಿನವರು ಆ ಅಂಕೆಯನ್ನು ನಂಬಿ ಖರ್ಜೂರವನ್ನು ಬಾಯಿಗಿಟ್ಟು ಉಪವಾಸ ತೊರೆಯುತ್ತಿದ್ದರು.

ಗುರುಗಳ ಪದ್ಧತಿಯಲ್ಲಿ ಜಾಗ್ರತೆಗೆಂದು ಸೇರಿಸುವ ಹೆಚ್ಚಿನ ನಿಮಿಷವೆಂಬುದಿರಲಿಲ್ಲ. ಹೊತ್ತಾದ ಮೇಲೆ ಉಪವಾಸ ತೊರೆಯಲು ತಡಮಾಡುವುದು ಉಚಿತವಲ್ಲ. ಹೊತ್ತಾಗುವ ಮೊದಲೇ ತೊರೆದರೆ ಹಗಲೆಲ್ಲ ಮಾಡಿದ ವ್ರತ ಅಸಿಂಧುವಾಗಿ, ಆ ದಿನಕ್ಕೆ ಬದಲಾಗಿ ಇನ್ನೊಂದು ದಿನ ಹಿಡಿಯಬೇಕು. ಈ ಎರಡರ ನಡುವಿನ ಎಡೆ ಬಹಳ ಕಿರಿದು, ಮತ್ತು ಆ ಎಡೆಯಲ್ಲಿ ನಿಂತಿದ್ದವರು ಹಕೀಮರೊಬ್ಬರೇ.

ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂಬ ಸಲಹೆ ಶಾರ್ಜಾದಲ್ಲಿದ್ದ ಅಕ್ಕನ ಮಗ ಝಕರಿಯಾನದು. ಹಕೀಮರು ಒಪ್ಪಿದ್ದಕ್ಕೆ ಕಾರಣ ಬೇರೆ. ಹಿಂದಿನ ವರ್ಷ ಒಂದು ಮಸೀದಿಯಲ್ಲಿ ಪಟ್ಟಿ ಓದುವವನ ಕಣ್ಣು ಒಂದು ಸಾಲು ಕೆಳಗೆ ಜಾರಿತ್ತು. ಪುಟವು ತಾನೇ ದಿನಾಂಕವನ್ನು ನೋಡಿಕೊಂಡು ಆ ದಿನದ ಒಂದೇ ಸಾಲನ್ನು ತೋರಿಸುವಂತೆ ಮಾಡಬಹುದೆಂದು ರಾಫಿಯಾ ಹೇಳಿದಾಗ, ಅವರಿಗೆ ಅದು ಪಟ್ಟಿಗಿಂತಲೂ ಸುರಕ್ಷಿತವೆಂದು ತೋರಿತು.

ಆದರೆ ಪುಟವನ್ನು ಇಡಲು ಎಲ್ಲಾದರೂ ಜಾಗ ಹಿಡಿಯಬೇಕಿತ್ತು. ಉಚಿತವಾಗಿ ಸಿಗುವ ಜಾಗವನ್ನು ರಾಫಿಯಾ ಮೊದಲು ತೋರಿಸಿದಳು. ಅದರ ನೆತ್ತಿಯ ಮೇಲೆ ಜೂಜಿನ ದಾಳಗಳು ಕುಣಿಯುತ್ತಿದ್ದವು. ಹಕೀಮರು ಮುಖ ತಿರುಗಿಸಿದರು. ಬಳಿಕ ಮಂಗಳೂರಿನವರೊಬ್ಬರು ಕಡಿಮೆ ದರದಲ್ಲಿ ಹೋಸ್ಟಿಂಗ್ ಕೊಡುತ್ತಾರೆಂದು ತಿಳಿದು ಅವರಿಗೆ ಫೋನು ಮಾಡಿಸಿದರು. ಯಂತ್ರ ನಿಮ್ಮ ಮನೆಯಲ್ಲಿದೆಯೇ ಎಂದು ಕೇಳಿದಾಗ ಆತ ನಕ್ಕುಬಿಟ್ಟ; ನಗುವವನನ್ನು ಹಕೀಮರು ನಂಬಲಿಲ್ಲ. ಉಳಿದದ್ದು ಅಮೆರಿಕದ ಒಂದು ಕಂಪೆನಿ. ಅದರ ಶುಲ್ಕವನ್ನು ಝಕರಿಯಾ ತನ್ನ ಕಾರ್ಡಿನಿಂದ ಕಟ್ಟುವೆನೆಂದಿದ್ದ. ಇಡುಗಂಟನ್ನು ಒಪ್ಪಿಸುವವನು ಅದನ್ನು ಕಾಯುವವನನ್ನು ಪರೀಕ್ಷಿಸುವಂತೆ ಹಕೀಮರು ಒಂದೊಂದನ್ನೇ ಕೇಳಿದರು. ಬೆಂಕಿ ಬಿದ್ದರೆ? ಪ್ರತಿಯುಂಟು. ಹಿಂದಕ್ಕೆ ಕೇಳಿದರೆ ಕೊಡುವರೇ? ಕೊಡುವರು. ಬೇರೆಯವರು ಒಳಹೊಕ್ಕು ಅಂಕೆಯನ್ನು ತಿದ್ದಿದರೆ?

“ಗುಪ್ತಪದ ಉಂಟು ಬಾಪಾ. ನಿಮಗೆ, ನನಗೆ ಮಾತ್ರ ಗೊತ್ತಿರುದು.”

ಮೂರನೆಯ ಸಂಜೆ ಕರಾರಿನ ಕೊನೆಯ ಭಾಗ ಬಂತು. ರಾಫಿಯಾ ಓದಿ ಅರ್ಥ ಹೇಳಿದಳು.

“ಪುಟದಲ್ಲಿ ಇರುವ ವಿಷಯ ಸರಿಯೋ ತಪ್ಪೋ ಅದಕ್ಕೆ ಕಂಪೆನಿ ಜವಾಬ್ದಾರಿ ಅಲ್ಲವಂತೆ. ಅದರಿಂದ ಯಾರಿಗೆ ಏನು ನಷ್ಟ ಆದರೂ ಹಾಕಿದವನೇ ಹೊಣೆ.”

“ಹಾಕಿದವ ಅಂದರೆ?”

“ನೀವು.”

ಕೆಳಗಿನ ರಸ್ತೆಯಲ್ಲಿ ಧರ್ಮಸ್ಥಳದ ಬಸ್ಸು ಹಾರ್ನು ಹಾಕಿತು. ಹಕೀಮರು ಬೆರಳನ್ನು ಮೌಸಿನ ಮೇಲಿಟ್ಟು, ದೇವರ ಹೆಸರನ್ನು ಹೇಳಿ ಒತ್ತಿದರು.

ಅದು ೨೦೦೨ರ ಅಕ್ಟೋಬರ್. ನವೆಂಬರಿನ ಮೊದಲ ವಾರದಲ್ಲಿ ರಮಝಾನ್ ಆರಂಭವಾಯಿತು. ಹಕೀಮರು ದಿನವೂ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ, ಬಂಟ್ವಾಳದಿಂದ ಬಿ.ಸಿ.ರೋಡಿಗೆ ಬಂದು ಪುಟವನ್ನು ತೆರೆಸಿ, ಕೈಯಲ್ಲಿದ್ದ ಪಟ್ಟಿಯೊಡನೆ ತಾಳೆ ನೋಡುವರು. ಒಂದು ದಿನವೂ ವ್ಯತ್ಯಾಸ ಕಾಣಲಿಲ್ಲ.

ಐದನೆಯ ಉಪವಾಸದ ರಾತ್ರಿ ಬೆಳ್ತಂಗಡಿಯಿಂದ ಇಬ್ರಾಹಿಂ ಖಲೀಲನ ಫೋನು ಬಂತು. ಪೇಟೆಯಲ್ಲಿ ಟೆಲಿಫೋನ್ ಬೂತ್ ಇಟ್ಟುಕೊಂಡು ಅಲ್ಲಿಯೇ ಒಂದು ಕಂಪ್ಯೂಟರನ್ನೂ ಹಾಕಿದ್ದ ಈತ, ಊರಾಚೆಯ ಗುಡ್ಡದ ಬುಡದಲ್ಲಿದ್ದ ಸಣ್ಣ ಮಸೀದಿಯ ಕಾರ್ಯದರ್ಶಿ. ಪುಟವನ್ನು ನೋಡಿ ಮಸೀದಿಯ ಹಲಗೆಯಲ್ಲಿ ಅಂಕೆ ಬರೆಯುವುದು ಇವನ ಕೆಲಸ.

“ಉಸ್ತಾದರೇ, ನಿಮ್ಮ ಪುಟ ಭಾರೀ ಲಾಯ್ಕ ಉಂಟು ಮಾರಾಯ್ರೆ. ಇವತ್ತು ಸರೀ ಆರು ಒಂದಕ್ಕೆ ಬಾಂಗು ಕೊಟ್ಟೆವು.”

ಹಕೀಮರು ಪಟ್ಟಿಯನ್ನು ಹತ್ತಿರಕ್ಕೆಳೆದು ನೋಡಿದರು. ಬೆಳ್ತಂಗಡಿಯ ಆ ದಿನದ ಅಂಕೆ ಆರು ಗಂಟೆ. ಆರು ಒಂದು ಅಲ್ಲ. ಅಂದು ಸಂಜೆ ಅವರೇ ಪುಟದಲ್ಲಿ ಆರು ಎಂದು ಕಂಡು ಬಂದಿದ್ದರು. ಖಲೀಲನು ಕಂಡದ್ದು ಬೇರೆ. ಒಂದೇ ಪುಟ, ಒಂದೇ ದಿನ, ಇಬ್ಬರು ನೋಡುವಾಗ ಎರಡು ಅಂಕೆ.

ಖಲೀಲನಿಗೆ ಅವರು ಅದನ್ನು ತಿಳಿಸಲಿಲ್ಲ. ತಡವಾದದ್ದು ಒಂದು ನಿಮಿಷ, ಅದರಿಂದ ಯಾರ ಉಪವಾಸವೂ ಕೆಡಲಿಲ್ಲವೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು. ಆದರೆ ಯಾವನೋ ಒಬ್ಬ ಅಪರಿಚಿತನ ಕೈ ಪುಟದೊಳಗೆ ಆಡುತ್ತಿದೆಯೆಂಬ ಭೀತಿ ಅವರನ್ನು ಬಿಡಲಿಲ್ಲ. ಒಮ್ಮೆ ತಿದ್ದಿ ಸಂಜೆಗೆ ಸರಿಪಡಿಸಿಡುವ ಕೈ ಅದು. ಕದ್ದು ಹೋಗುವ ಕಳ್ಳನಿಗಿಂತ, ಕದ್ದದ್ದನ್ನು ಮರಳಿ ಇಟ್ಟು ಹೋಗುವ ಕಳ್ಳನು ಹೆಚ್ಚು ಭಯಂಕರನೆಂದು ಅವರಿಗೆ ಕಂಡಿತು. ರಾಫಿಯಾಳಿಂದ ಗುಪ್ತಪದವನ್ನು ಬದಲು ಮಾಡಿಸಿದರು; ಎರಡು ದಿನ ಕಳೆದು ಮತ್ತೊಮ್ಮೆ ಬದಲು ಮಾಡಿಸಿದರು. ಖಲೀಲ್ ತಪ್ಪು ಓದಿರಬೇಕೆಂದು ಆಕೆ ಹೇಳಿದಳು. ಆರನೆಯ ಉಪವಾಸದಿಂದ ಎಲ್ಲವೂ ಸರಿಯಾಗಿತ್ತು, ಮತ್ತು ಆ ಸರಿಯೇ ಅವರನ್ನು ಹೆದರಿಸಿತು.

“ಅನ್ನ ಮುಟ್ಟುದಿಲ್ಲ, ನಿದ್ದೆ ಮಾಡುದಿಲ್ಲ,” ಎಂದು ಹೆಂಡತಿ ಆಯಿಶಮ್ಮ ಗದರಿದಳು. “ಅಮೆರಿಕದಲ್ಲಿ ಎಮ್ಮೆ ಕಟ್ಟಿ ಹಾಕಿ ಇಲ್ಲಿ ಕೂತು ಕಾಯುದು. ನಿಮಗೆ ಬೇರೆ ಕೆಲಸ ಇಲ್ವಾ?”

ಹದಿನೇಳನೆಯ ಉಪವಾಸ ಶನಿವಾರ ಬಂತು. ನವೆಂಬರಿನ ಮೊದಲಲ್ಲಿ ದಿನದಿನಕ್ಕೆ ಬೇಗವಾಗುತ್ತ ಬಂದ ಸೂರ್ಯಾಸ್ತವು ಮೂರನೆಯ ವಾರದಲ್ಲಿ ನಿಂತು, ಮತ್ತೆ ತಡವಾಗತೊಡಗುತ್ತದೆ. ಪಟ್ಟಿಯ ಪ್ರಕಾರ ಬೆಳ್ತಂಗಡಿಯ ಅಂಕೆ ಆರು ಗಂಟೆಯಿಂದ ಆರು ಒಂದಕ್ಕೆ ಏರುವ ದಿನ ಅದು; ಮೂಡುಬಿದಿರೆಯದೂ ಅಂದೇ ಒಂದು ನಿಮಿಷ ಏರುತ್ತಿತ್ತು. ಸಂಜೆ ನಾಲ್ಕು ಗಂಟೆಗೆ ಪುಟವು ಆರು ಒಂದು ಎಂದೇ ತೋರಿಸಿತು. ಹಕೀಮರಿಗೆ ನೆಮ್ಮದಿಯಾಗಲಿಲ್ಲ. ಖಲೀಲನ ಬೂತಿಗೆ ಫೋನು ಮಾಡಿಸಿದರು. ಗಂಟೆ ಬಡಿಯಿತು, ಬಡಿದು ನಿಂತಿತು. ಸಂಜೆಯ ಗಂಜಿಯ ಏರ್ಪಾಟಿಗಾಗಿ ಆತ ಮೂರಕ್ಕೇ ಬಾಗಿಲು ಹಾಕಿ ಮಸೀದಿಗೆ ಹೋಗುತ್ತಿದ್ದ, ಮಸೀದಿಗೆ ಫೋನಿರಲಿಲ್ಲ.

“ಅವ ಪುಟ ನೋಡುದು ಯಾವಾಗ?” ಎಂದು ರಾಫಿಯಾ ಕೇಳಿದಳು.

“ಬೆಳಿಗ್ಗೆ ಬೂತ್ ತೆರೆದ ಕೂಡಲೇ. ಎಂಟು ಗಂಟೆಗೆ.”

ರಾಫಿಯಾಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಆಕೆ ಏನೋ ಎರಡು ಸಾಲು ಬರೆದು ಪುಟಕ್ಕೆ ಸೇರಿಸಿದಳು. ಪರದೆಯ ಮೇಲೆ ಒಂದು ಗಡಿಯಾರ ಮೂಡಿತು. ಗೋಡೆಯ ಗಡಿಯಾರದಲ್ಲಿ ಸಂಜೆ ನಾಲ್ಕು ಹದಿನೈದು. ಪರದೆಯಲ್ಲಿ ಬೆಳಗಿನ ಜಾವ ನಾಲ್ಕು ನಲವತ್ತೈದು.

“ಬಾಪಾ,” ಎಂದಳು, ಸ್ವರ ಇಳಿದಿತ್ತು. “ದಿನಾಂಕ ನೋಡುದು ಇಲ್ಲಿನ ಕಂಪ್ಯೂಟರ್ ಅಲ್ಲ. ಅಲ್ಲಿನದ್ದು.”

ಮುಂದಿನದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ರೇಖಾಂಶದಿಂದ ಹೊತ್ತನ್ನು ಅಳೆಯುವುದೇ ಅವರ ಜೀವಮಾನದ ವಿದ್ಯೆ. ಇಲ್ಲಿ ಬೆಳಿಗ್ಗೆ ಎಂಟಾದಾಗ ಆ ಯಂತ್ರವಿದ್ದ ಊರಿನಲ್ಲಿ ಹಿಂದಿನ ದಿನದ ರಾತ್ರಿ. ಅದು ನಿಷ್ಠೆಯಿಂದ ನಿನ್ನೆಯ ಸಾಲನ್ನೇ ತೋರಿಸುತ್ತಿತ್ತು. ಯಾರ ಕೈಯೂ ಆಡಿರಲಿಲ್ಲ. ಬೆಂಕಿಯನ್ನು, ಕಳ್ಳನನ್ನು ವಿಚಾರಿಸಿದ ತಾವು, ಮೂರು ಊರುಗಳ ನಡುವಿನ ಒಂದು ನಿಮಿಷವನ್ನು ಲೆಕ್ಕಹಾಕಿದ ತಾವು, ಆ ಯಂತ್ರವು ಯಾವ ರೇಖಾಂಶದಲ್ಲಿದೆಯೆಂದು ಕೇಳಿರಲಿಲ್ಲ. ಅಂಕೆಗಳು ಇಳಿಯುತ್ತಿದ್ದಾಗ ನಿನ್ನೆಯ ಅಂಕೆ ಜನರನ್ನು ಒಂದು ನಿಮಿಷ ಕಾಯಿಸಿತ್ತು. ಇಂದು ಅಂಕೆ ಏರಿತ್ತು. ಬೆಳ್ತಂಗಡಿಯ ಹಲಗೆಯ ಮೇಲೆ ನಿನ್ನೆಯ ಆರು ಗಂಟೆ ಬರೆದಾಗಿತ್ತು. ನೂರಿಪ್ಪತ್ತು ಜನ ಸೂರ್ಯನು ಮುಳುಗುವ ಮೊದಲೇ ಉಪವಾಸ ತೊರೆಯಲಿದ್ದರು.

“ನೀನು ಮೂಡುಬಿದಿರೆಗೆ ಫೋನು ಮಾಡು, ಅಲ್ಲಿ ಮಸೀದಿಯಲ್ಲಿ ಸಿಗ್ತಾರೆ,” ಎಂದು ಹೇಳಿ ಹಕೀಮರು ಮೆಟ್ಟಿಲಿಳಿದರು.

ನಾಲ್ಕೂವರೆಯ ಬಸ್ಸು ಹೊರಟಾಗ ಅವರು ಫುಟ್‌ಬೋರ್ಡಿನ ಬಳಿಯೇ ನಿಂತಿದ್ದರು. ಕಂಡಕ್ಟರ್ ಡೊಂಬಯ್ಯ ಅವರನ್ನು ವರ್ಷಗಳಿಂದ ಬಲ್ಲವನು.

“ಕೂತುಕೊಳ್ಳಿ ಉಸ್ತಾದರೇ, ಸೀಟುಂಟು. ನೀವು ನಿಂತರೆ ಬಸ್ಸು ಬೇಗ ಹೋಗುದಿಲ್ಲ.”

“ಡೊಂಬಯ್ಯ, ಐದೂಮುಕ್ಕಾಲಕ್ಕೆ ಬೆಳ್ತಂಗಡಿ ಮುಟ್ಟುತ್ತದಾ?”

“ಮುಟ್ಟಬೇಕು. ಯಾರಿಗಾದರೂ ಹುಷಾರಿಲ್ವಾ?”

“ಎಲ್ಲರಿಗೂ ಹುಷಾರುಂಟು. ಹಲಗೆಯ ಹೊತ್ತಿಗೆ ಸರಿಯಾಗಿ ತಿಂದುಬಿಡ್ತಾರೆ, ಅದಕ್ಕೇ ಹೆದರಿಕೆ.”

ಡೊಂಬಯ್ಯನಿಗೆ ಅರ್ಥವಾಗಲಿಲ್ಲ, ಆದರೂ ಮುಖ ನೋಡಿ ಡ್ರೈವರನ ಬಳಿ ಹೋಗಿ ಏನೋ ಹೇಳಿದ. ಬಸ್ಸು ನಿಲ್ದಾಣಗಳಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪುಂಜಾಲಕಟ್ಟೆಯಲ್ಲಿ ಮಾತ್ರ ಒಂದು ಮರದ ಲಾರಿ ರಸ್ತೆಗಡ್ಡವಾಗಿ ತಿರುಗಲಾರದೆ ನಿಂತಿತ್ತು. ಹದಿನಾಲ್ಕು ನಿಮಿಷ ಅಲ್ಲಿ ಕಳೆದವು. ಹಕೀಮರು ಕಿಟಕಿಯಿಂದ ಪಡುವಣವನ್ನೇ ನೋಡುತ್ತಿದ್ದರು. ಐವತ್ತು ವರ್ಷಗಳಿಂದ ಬಲ್ಲ ಸೂರ್ಯನು ಅಂದು ಅವರಿಗೆ ಅಪರಿಚಿತನಂತೆ ಕಂಡನು. ಎಷ್ಟು ಜನರು ತಮ್ಮ ಅಂಕೆಯನ್ನು ನಂಬಿ ಇಂದು ಬಾಯಾರಿ ಕುಳಿತಿರುವರೋ, ಅಷ್ಟು ಜನರೂ ಅಂತಿಮ ತೀರ್ಪಿನ ದಿನ ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮನ್ನು ಕೇಳುವರೆಂಬ ಯೋಚನೆ ಅವರಿಗೆ ಬಂತು.

ಬೆಳ್ತಂಗಡಿಯಲ್ಲಿ ಇಳಿದಾಗ ಐದು ಐವತ್ತು. ಆಟೋರಿಕ್ಷಾ ಗುಡ್ಡದ ಬುಡದ ಮಸೀದಿಯ ಅಂಗಳವನ್ನು ಹೊಕ್ಕಾಗ ಆರಕ್ಕೆ ಒಂದು ನಿಮಿಷ ಉಳಿದಿತ್ತು. ಚಾಪೆಗಳ ಮೇಲೆ ಸಾಲಾಗಿ ಜನ ಕುಳಿತಿದ್ದರು. ಗಂಜಿಯ ಬಟ್ಟಲುಗಳಿಂದ ಹಬೆ ಏಳುತ್ತಿತ್ತು. ಹಲವರ ಬೆರಳುಗಳ ನಡುವೆ ಆಗಲೇ ಖರ್ಜೂರವಿತ್ತು. ಬಾಂಗು ಕೊಡುವವನು ಮೈಕಿನ ಮುಂದೆ ನಿಂತು ಕಿವಿಗೆ ಕೈಯೊಡ್ಡಿದ್ದನು.

“ನಿಲ್ಲಿಸಿ! ಯಾರೂ ತಿನ್ನಬೇಡಿ!”

ಇಬ್ರಾಹಿಂ ಖಲೀಲ್ ಓಡಿಬಂದ. “ಏನಾಯ್ತು ಉಸ್ತಾದರೇ? ಹಲಗೆಯಲ್ಲಿ ಆರು ಗಂಟೆ ಉಂಟಲ್ಲ. ನಿಮ್ಮದೇ ಅಂಕೆ.”

“ಅದು ನಿನ್ನೆಯದ್ದು. ಇವತ್ತು ಆರು ಒಂದು. ತಪ್ಪು ನಿನ್ನದಲ್ಲ, ನನ್ನದು.”

ಹಕೀಮರು ಅಂಗೈಯಿಂದಲೇ ಹಲಗೆಯ ಅಂಕೆಯನ್ನು ಒರೆಸಿದರು. ಸಾಲಿನ ತುದಿಯಲ್ಲಿದ್ದ ಹಿರಿಯರೊಬ್ಬರು ಖರ್ಜೂರವನ್ನು ತಟ್ಟೆಗೆ ಹಾಕಿ ನಕ್ಕರು. “ಉಸ್ತಾದರ ಕಂಪ್ಯೂಟರಿಗೂ ಹಸಿವಾಯ್ತು ಅಂತ ಕಾಣ್ತದೆ. ಒಂದು ನಿಮಿಷ ತಡೀಲಿಕ್ಕೆ ಆಗಲಿಲ್ಲ ಅದಕ್ಕೆ.” ಅಂಗಳ ನಕ್ಕಿತು. ಹಕೀಮರು ನಗಲಿಲ್ಲ. ಮುಂಗೈಯ ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು ಅವರು ನಿಂತಿದ್ದರು. ನಗು ತಾನಾಗಿ ಅಡಗಿತು. ನೂರಿಪ್ಪತ್ತು ಜನ ಉಸಿರು ಹಿಡಿದಂತೆ ಕಾದರು. ಮುಳ್ಳು ನೆತ್ತಿಗೆ ಬಂದಾಗ ಅವರು ತಲೆಯಾಡಿಸಿದರು; ಬಾಂಗು ಎದ್ದಿತು.

ಗಂಜಿಯ ಬಟ್ಟಲನ್ನು ಮುಂದಿಡುತ್ತ ಖಲೀಲ್, “ಉಳಿಯಿತಲ್ಲ ಉಸ್ತಾದರೇ, ಇನ್ನು ಯಾಕೆ ಹೆದರಿಕೆ?” ಎಂದ.

“ಇಲ್ಲಿ ಉಳಿಯಿತು. ಬೆಳಿಗ್ಗೆ ಪುಟ ನೋಡಿದವರು ಇನ್ನು ಯಾರು ಯಾರು ಅಂತ ನನಗೆ ಗೊತ್ತಿಲ್ಲ, ಖಲೀಲ್. ಕೈಬರಹದ ಪಟ್ಟಿಯಾದರೆ ಯಾರಿಗೆ ಕೊಟ್ಟೆ ಅಂತ ಗೊತ್ತಿರುತ್ತಿತ್ತು.”

ಮೂಡುಬಿದಿರೆಯ ಮಸೀದಿಗೆ ಹೊತ್ತಿಗೆ ಮೊದಲೇ ಫೋನು ಮುಟ್ಟಿತ್ತು. ಮರುದಿನ ಬೆಳಿಗ್ಗೆ ರಾಫಿಯಾ ಪುಟದ ಗಡಿಯಾರವನ್ನು ಸರಿಪಡಿಸಿದಳು. ಹಕೀಮರು ಅಷ್ಟಕ್ಕೆ ಬಿಡಲಿಲ್ಲ. ಅಂಕೆಯ ಮೇಲ್ಗಡೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆಯಿಸಿದರು: ನಿನ್ನೆ ಶನಿವಾರ ಬೆಳಿಗ್ಗೆ ಹನ್ನೊಂದೂವರೆಯೊಳಗೆ ಈ ಪುಟವನ್ನು ನೋಡಿ, ಅದರಂತೆ ಉಪವಾಸ ತೊರೆದವರು ಆ ಒಂದು ದಿನದ ವ್ರತವನ್ನು ಮತ್ತೆ ಹಿಡಿಯತಕ್ಕದ್ದು, ದೋಷವು ಸಂಪೂರ್ಣವಾಗಿ ನನ್ನದು. ಕೆಳಗೆ ತಮ್ಮ ಹೆಸರು, ಮನೆಯ ಫೋನ್ ಸಂಖ್ಯೆ.

“ಬೇಡ ಬಾಪಾ,” ಎಂದಳು ರಾಫಿಯಾ. “ಯಾರಿಗೂ ಗೊತ್ತಾಗಿರುದಿಲ್ಲ. ಮೂವತ್ತು ವರ್ಷದ ಹೆಸರು ನಿಮ್ಮದು.”

“ಗೊತ್ತಾಗದವರ ಉಪವಾಸ ಹಾಗೇ ಹೋಗಲಿ ಅಂತಲಾ?”

ಮಧ್ಯಾಹ್ನದ ನಮಾಝಿನ ಬಳಿಕ ಫೋನು ಬಡಿಯಿತು. ಹಕೀಮರು ಅದರ ಮುಂದೆಯೇ ಕುಳಿತಿದ್ದರೂ ಎತ್ತಿಕೊಳ್ಳಲು ಕೈ ಮುಂದಾಗಲಿಲ್ಲ. ಐದನೆಯ ಗಂಟೆಗೆ ಎತ್ತಿದರು. ಮೂಡುಬಿದಿರೆಯ ಬಳಿಯ ಬೆಳುವಾಯಿಯಿಂದ ಖದೀಜ ಎಂಬಾಕೆ.

“ನನ್ನ ತಮ್ಮ ಮೂಡುಬಿದಿರೆಯಲ್ಲಿ ಆಫೀಸಿನಲ್ಲಿ ಬೆಳಿಗ್ಗೆ ನೋಡಿ ಹೇಳುದು. ನಿನ್ನೆ ನಾವು ಮನೆಯಲ್ಲಿ ಎಂಟು ಜನ. ಏಳು ಜನ ಹಿಡೀತೇವೆ, ಅದು ದೊಡ್ಡದಲ್ಲ. ಅತ್ತೆಗೆ ಎಪ್ಪತ್ತೊಂಬತ್ತು. ಡಾಕ್ಟರು ಬೇಡ ಅಂದರೂ ಕೇಳದೆ ಹಿಡಿಯುದು ಅವರು. ಅವರ ಒಂದು ದಿನ ಹೋಯಿತು ಅಂತ ನಾನು ಹೇಗೆ ಹೇಳುದು ಉಸ್ತಾದರೇ? ನೀವೇ ಹೇಳಿ.”

ಆ ಕಡೆ ಪಾತ್ರೆಯ ಸದ್ದು, ಒಂದು ಮುದಿ ಕೆಮ್ಮು ಕೇಳಿಸಿತು.

“ನೀನು ಹೇಳಬೇಡಮ್ಮ,” ಎಂದರು ಹಕೀಮರು. “ನಾನು ಬರ್ತೇನೆ. ಅವರ ಎದುರು ಕೂತು ನಾನೇ ಹೇಳ್ತೇನೆ. ಅವರಿಂದ ಆಗದಿದ್ದರೆ ಬದಲಿಗೆ ಮಾಡುವ ದಾನ ನನ್ನ ಕೈಯಿಂದ.”

“ಅವರು ಬೈತಾರೆ ಉಸ್ತಾದರೇ. ಅವರ ಬಾಯಿ ಸ್ವಲ್ಪ ಜೋರು.”

“ಬೈಯಲಿ.”

ರಿಸೀವರನ್ನು ಇಟ್ಟು ಅವರು ಟೋಪಿಯನ್ನು ಸರಿಪಡಿಸಿಕೊಂಡರು. ಬೆಳುವಾಯಿಗೆ ಹೊರಡಲೆಂದು ಹೊಸ್ತಿಲು ದಾಟಿರಲಿಲ್ಲ, ಬೆನ್ನ ಹಿಂದೆ ಫೋನು ಮತ್ತೆ ಬಡಿಯತೊಡಗಿತು. ಅವರು ನಿಂತರು, ತಿರುಗಿ ಬಂದು, ಈ ಸಲ ಮೊದಲನೆಯ ಗಂಟೆಗೇ ಎತ್ತಿದರು.