ಪಿನ್ ಹೊಡೆದ ಪುಟಗಳು

ಪರದೆಯ ನಡುವೆ ಒಂದು ತೂತು ಇದೆ, ಕಡಲೆಕಾಳಿನಷ್ಟು, ಮೆದುಳಿನ ಚಿತ್ರದಲ್ಲಿ ಸರಿಯಾಗಿ ಹಣೆಯ ಹಿಂದೆ, ಅಲ್ಲಿ ಮಾತ್ರ ಬೆಳಕು ನಿಲ್ಲುತ್ತಿಲ್ಲ, ತೂರಿಕೊಂಡು ಹೋಗಿ ಹಿಂದಿನ ಗೋಡೆಗೆ ಬೀಳುತ್ತಿದೆ, ಇಷ್ಟು ಜನರಲ್ಲಿ ಇನ್ಯಾರಿಗೂ ಅದು ಕಾಣುತ್ತಿಲ್ಲವೇ, ಕಂಡರೂ ಯಾರು ಹೇಳುತ್ತಾರೆ, ಈ ಶಾಲೆಯಲ್ಲಿ ತೂತು ಕಂಡವರು ಅದಕ್ಕೆ ಅಡ್ಡ ನಿಂತು ಮರೆಮಾಡುವುದು ವಾಡಿಕೆ, ಆಕೆಯೂ ಇಪ್ಪತ್ತೊಂಬತ್ತು ವರ್ಷ ಹಾಗೇ ನಿಂತವಳು, ಗಣಿತದ ಟೀಚರು, ಇನ್ನೆರಡು ವರ್ಷಕ್ಕೆ ನಿವೃತ್ತಿ — ಮೆದುಳು ಅನ್ನೋದು ಸ್ನಾಯು ಇದ್ದ ಹಾಗೆ, ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡ ತರಬೇತುದಾರ ಹೇಳುತ್ತಿದ್ದಾನೆ, ಬಳಸಿದಷ್ಟೂ ಬಲ ಬರುತ್ತೆ, ನಿನಗೆ ಬರಲ್ಲ ಅಂತ ಮಗುವಿಗೆ ಹೇಳಬೇಡಿ, ನಿನಗಿನ್ನೂ ಬಂದಿಲ್ಲ ಅನ್ನಿ, ಇದೇ ಬೆಳವಣಿಗೆಯ ಮನೋಭಾವ, ತಪ್ಪು ನಮ್ಮ ಶತ್ರು ಅಲ್ಲ, ತಪ್ಪು ನಮ್ಮ ಫ್ರೆಂಡು, ಎಲ್ಲರೂ ಹೇಳಿ, ತಪ್ಪು ನಮ್ಮ — ಫ್ರೆಂಡು, ಎಂದಿತು ಇಡೀ ಸಭಾಂಗಣ, ಮೂವತ್ತೆರಡು ಜನ ಮೇಷ್ಟ್ರುಗಳು, ಒಂದನೇ ತರಗತಿಯ ಮಕ್ಕಳ ಹಾಗೆ ರಾಗ ಎಳೆದು, ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೆಡ್ ಮೇಡಂ, ಆ ದನಿ ಕೇಳಿ ಆಕೆಯ ಮೈಯೆಲ್ಲ ಉರಿಯಿತು, ತೊಡೆಯ ಮೇಲಿದ್ದ ನಲವತ್ತೊಂದು ನೋಟ್‌ಬುಕ್ಕುಗಳನ್ನು ಇನ್ನಷ್ಟು ಒತ್ತಿ ಹಿಡಿದಳು, ಹೆಬ್ಬೆರಳು ಚುರುಕ್ಕೆಂದಿತು, ಶನಿವಾರದಿಂದ ನೋಯುತ್ತಲೇ ಇದೆ, ಇವತ್ತು ಗುರುವಾರ, ಬೆಳಗ್ಗೆ ತಿದ್ದಲು ಇಸಿದುಕೊಂಡ ಇವನ್ನು ಕೊನೆಯ ಅವಧಿಯಲ್ಲಿ ಮಕ್ಕಳಿಗೆ ಹಿಂದಿರುಗಿಸಬೇಕಿತ್ತು, ಅದನ್ನೂ ಈ ಫ್ರೆಂಡು ನುಂಗಿತು — ಹೇಳೋದು ಪುರಾಣ, ತಿನ್ನೋದು ಬದನೇಕಾಯಿ, ಎಂದು ಪಕ್ಕದಲ್ಲಿದ್ದ ಚಿತ್ರಕಲೆಯ ಮೇಷ್ಟ್ರು ತುಟಿ ಅಲ್ಲಾಡಿಸದೆ ಗೊಣಗಿ, ಜೇಬಿನಿಂದ ಒಂದು ಪೆಪ್ಪರ್‌ಮೆಂಟು ತೆಗೆದು ನೋಟ್‌ಬುಕ್ಕಿನ ರಾಶಿಯ ಮೇಲಿಟ್ಟರು, ಸಿಟ್ಟು ಬಂದಾಗ ಆಕೆಗೆ ಗಂಟಲು ಒಣಗುವುದು ಅವರಿಗೆ ಗೊತ್ತು, ಹದಿನೈದು ವರ್ಷದಿಂದ ಗೊತ್ತು, ಯಾಕೆ ಸಿಟ್ಟು ಎಂದು ಒಂದು ದಿನವೂ ಕೇಳಿದವರಲ್ಲ.

ಶುರುವಾದದ್ದು ಆ ಹುಡುಗಿಯಿಂದ, ಒಂಬತ್ತನೇ ತರಗತಿ, ಕಿಟಕಿ ಪಕ್ಕದ ಬೆಂಚು, ರಬ್ಬರ್ ಅಂತಲೇ ಎಲ್ಲರೂ ಕರೆಯುವುದು, ಹಾಜರಿಯಲ್ಲಿ ನಿಜವಾದ ಹೆಸರು ಕೂಗಿದರೆ ಒಂದು ಕ್ಷಣ ಅವಳಿಗೇ ಗೊತ್ತಾಗುವುದಿಲ್ಲ, ಪೆನ್ನು ಹಿಡಿಯಲು ಭಯ, ಎಲ್ಲ ಪೆನ್ಸಿಲಿನಲ್ಲೇ, ಒಂದು ಸಾಲು ಬರೆದರೆ ಎರಡು ಸಲ ಉಜ್ಜುವುದು, ಉತ್ತರ ಸರಿಯಿದ್ದರೂ ಉಜ್ಜುವುದು, ಕಾಗದ ಸವೆದು ತೂತಾಗುವವರೆಗೆ, ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕು, ಹಾಳೆ ಎತ್ತಿ ಹಿಡಿದರೆ ತೂತುಗಳೊಳಗೆ ಆಕಾಶ ಕಂಡಿತು, ಇದೇನೇ ಹುಡುಗಿ, ಇಲಿ ಕಡಿದಿದೆಯಾ, ಇಲ್ಲ ಮಿಸ್, ನಾನೇ, ನಂಗೆ ಗಣಿತ ಬರಲ್ಲ ಮಿಸ್, ನಮ್ಮಮ್ಮಂಗೂ ಬರ್ತಿರ್ಲಿಲ್ವಂತೆ, ನಮ್ಮನೇಲಿ ಯಾರಿಗೂ ಬರಲ್ಲ, ನಮ್ಮನೇಲಿ ಎಲ್ಲರದ್ದೂ ಮೂಗು ಮೊಂಡು ಎನ್ನುವ ಹಾಗೆ ಹೇಳಿದಳು, ಬೇಜಾರು ಕೂಡ ಇಲ್ಲದೆ, ಆ ಬೇಜಾರಿಲ್ಲದ್ದೇ ಆಕೆಯನ್ನು ಚುಚ್ಚಿದ್ದು, ಹದಿನಾಲ್ಕು ವರ್ಷಕ್ಕೇ ಬಾಗಿಲು ಹಾಕಿಕೊಂಡು ಒಳಗೆ ಆರಾಮಾಗಿ ಕೂತಿರುವ ಮಗು — ಸಂಜೆ ಬಸ್ಸಿನಲ್ಲಿ ಅಪ್ಪನ ಮೊಳೆ ನೆನಪಾಯಿತು, ಅಪ್ಪ ದರ್ಜಿ, ಹೊಲಿಗೆ ಯಂತ್ರದ ಎದುರಿಗೆ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಒಂದು ತೋಳು, ನೀಲಿ ಗೀಟಿನ ಅಂಗಿಯದು, ಅಂಗಿಯಿಲ್ಲ, ಬರೀ ತೋಳು, ಯಾವಾಗಲೋ ಒಮ್ಮೆ ಬಟ್ಟೆ ತಿರುಗಿಸದೆ ಕತ್ತರಿ ಆಡಿಸಿ ಒಂದೇ ಅಂಗಿಗೆ ಎರಡು ಎಡದೋಳು ಕತ್ತರಿಸಿಬಿಟ್ಟಿದ್ದ, ಹೆಚ್ಚಾದದ್ದನ್ನು ಎಸೆಯದೆ ಅಲ್ಲಿ ನೇತುಹಾಕಿದ್ದ, ಬಂದವರೆಲ್ಲ ನಗುವರು, ಏನಯ್ಯಾ, ಮೂರು ಕೈ ಇರೋರಿಗೂ ಹೊಲೀತೀಯಾ, ಹೂಂ ಸ್ವಾಮಿ, ಕರಕೊಂಡು ಬನ್ನಿ, ಅಳತೆ ತಗೋತೀನಿ, ಅನ್ನುವನು, ಮಗಳು ಕೇಳಿದಾಗ ಮಾತ್ರ, ಅದು ನನ್ನ ಮೇಷ್ಟ್ರು ಕಣಮ್ಮ, ಕತ್ತರಿ ಎತ್ತೋವಾಗೆಲ್ಲ ಒಂದ್ಸಲ ಮುಖ ನೋಡ್ತೀನಿ — ಮರುದಿನ ಆಕೆ ತರಗತಿಯಲ್ಲಿ ಹೇಳಿದಳು, ನೋಟ್‌ಬುಕ್ ತೆಗೀರಿ, ಎದುರುಬದುರಿನ ಎರಡು ಪುಟ ತಪ್ಪಿಗೆ, ಹಾಳೆ ತಿರುವಿ, ಮುಂದಿನ ಎರಡು ಪುಟ ಸರಿಗೆ, ಹೀಗೇ ಕೊನೇವರೆಗೂ, ತಪ್ಪಿನ ಪುಟದಲ್ಲಿ ಏನೂ ಅಳಿಸೋ ಹಾಗಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಏನಾಯ್ತು ಅಂತ ಬರೀಬೇಕು, ಮಿಸ್, ತಪ್ಪೇ ಆಗದಿದ್ರೆ, ಆಗದಿದ್ರೆ ನಾನು ಕೊಟ್ಟ ಲೆಕ್ಕ ಸುಲಭ ಅಂತ, ಕಷ್ಟದ್ದು ಕೊಡ್ತೀನಿ, ಹೆದರಬೇಡಿ, ಎಲ್ಲರೂ ನಕ್ಕರು, ಆ ಹುಡುಗಿಯ ರಬ್ಬರನ್ನು ಇಸಿದುಕೊಂಡು ಡ್ರಾಯರಿನಲ್ಲಿಟ್ಟಳು, ಮೊದಲ ವಾರ ಅವಳ ತೋರುಬೆರಳು ಕಾಗದದ ಮೇಲೆ ಸುಮ್ಮನೆ ಉಜ್ಜುತ್ತಿತ್ತು, ಆಮೇಲೆ ನಿಂತಿತು, ಆಮೇಲೆ ಬರೆಯತೊಡಗಿದಳು, ಇಲ್ಲಿ ಮೈನಸ್ ನೋಡಲಿಲ್ಲ, ಮೊನ್ನೆಯೂ ನೋಡಿರಲಿಲ್ಲ, ಇವತ್ತೂ ಮೈನಸ್ ಕಣ್ತಪ್ಪಿಸಿ ಓಡಿತು, ನಾಳೆ ಹಿಡಿಯುತ್ತೇನೆ, ಕೊನೆಗೊಂದು ದಿನ ಅರ್ಧ ಪುಟದಷ್ಟು ದೊಡ್ಡದಾಗಿ, ಕಳ್ಳ ಸಿಕ್ಕಿಬಿದ್ದ, ನಾಲ್ಕು ಒಂಬತ್ತಾಯಿತು, ಒಂಬತ್ತು ಹದಿನಾಲ್ಕಾಯಿತು, ಒಮ್ಮೆ ಪಕ್ಕದವಳಿಗೆ ತನ್ನ ಪುಟ ತೋರಿಸಿ ಹೇಳುತ್ತಿದ್ದಳು, ಏಯ್, ಇದು ನನ್ನ ಹಳೇ ತಪ್ಪು ಕಣೇ, ನೀನು ಹೊಸಾದು ಮಾಡು, ಬಾಗಿಲ ಹೊರಗೆ ನಿಂತು ಅದನ್ನು ಕೇಳಿಸಿಕೊಂಡ ಆಕೆ ಒಳಗೆ ಹೋಗದೆ ಸುಮ್ಮನೆ ನೀರು ಕುಡಿದು ಬಂದಿದ್ದಳು, ಕಣ್ಣು ತುಂಬಿದ್ದು ಮಕ್ಕಳಿಗೆ ಕಾಣದಿರಲಿ ಎಂದು.

ಆಮೇಲೆ ಶನಿವಾರ, ಬನ್ನಿ ಮೇಡಂ, ಕೂತ್ಕೊಳ್ಳಿ, ಹೆಡ್ ಮೇಡಂ ಮೇಜಿನ ಮೇಲೆ ಇದೇ ರಾಶಿ, ತೆರೆದಿಟ್ಟದ್ದು ಆ ಹುಡುಗಿಯದೇ ಪುಸ್ತಕ, ಸೋಮವಾರ ತಪಾಸಣೆ, ಗೊತ್ತಲ್ಲ, ಏನಿದು ಹೀಗೆ, ಕಸದ ಬುಟ್ಟಿ ಬೋರಲು ಹಾಕಿದ ಹಾಗಿದೆ, ನನಗೆ ಅರ್ಥ ಆಗುತ್ತೆ, ಬರೋರಿಗೆ ಅರ್ಥ ಆಗ್ಬೇಕಲ್ಲ, ಈ ತಪ್ಪಿನ ಪುಟಗಳನ್ನೆಲ್ಲ ಜೋಡಿ ಜೋಡಿಯಾಗಿ ಪಿನ್ ಹೊಡೆದುಬಿಡಿ, ಅಂಚಿಗೆ ಮೂರು ಸಾಕು, ಹರಿಯೋದೇನೂ ಬೇಡ, ಪಾಪ, ಮಕ್ಕಳು ಬರೆದಿದ್ದು — ಪಾಪವಂತೆ, ಆಕೆ ಏನು ಹೇಳಿದಳು ಆಗ, ನೆನಪಿಸಿಕೋ, ಬೇಡ ಎಂದಳೇ, ನನ್ನ ಹೆಣದ ಮೇಲೆ ಹೊಡೀರಿ ಎಂದಳೇ, ಇಲ್ಲ, ಪಿನ್ನು ಸಾಲಲ್ಲ ಮೇಡಂ ಎಂದಳು, ಥೂ, ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ ನಾಲಿಗೆಯಿಂದ ಹೊರಬಿದ್ದದ್ದು ಅಷ್ಟು, ಪಿನ್ನು ಸಾಲಲ್ಲ ಮೇಡಂ, ಆಯಾ ಓಡಿಹೋಗಿ ಎರಡು ಡಬ್ಬಿ ತಂದಳು, ಫ್ಯಾನು ಆಕೆಯ ಕಡೆ ತಿರುಗಿಸಿಟ್ಟು ಹೋದಳು, ಖಟ್ ಖಟ್ ಖಟ್, ಹಾಳೆ ತಿರುವು, ಖಟ್ ಖಟ್ ಖಟ್, ಹತ್ತು ಪುಸ್ತಕಕ್ಕೆ ಹೆಬ್ಬೆರಳು ಊದಿತು, ಮನೆಗೆ ಹೊರಟಿದ್ದ ಡ್ರಿಲ್ ಮೇಷ್ಟ್ರು ಹೆಗಲ ಚೀಲ ಇಳಿಸಿ, ಕೊಡಿ ಅಕ್ಕ, ನಾನು ಒತ್ತೀನಿ, ನೀವು ಪುಟ ತೋರಿಸಿ ಸಾಕು, ಎಂದು ಅರ್ಧ ರಾಶಿ ಮುಗಿಸಿಕೊಟ್ಟರು, ಕಳ್ಳ ಸಿಕ್ಕಿಬಿದ್ದ ಎಂಬ ಪುಟ ಬಂದಾಗ ಮಾತ್ರ ಸ್ಟೇಪ್ಲರನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಹೊಡೆದಳು, ಯಾಕೋ, ಅದನ್ನು ಬೇರೆಯವರು ಹೊಡೆಯುವುದು ಬೇಡವೆನಿಸಿತು, ಒಳ್ಳೆಯ ಮನುಷ್ಯ ಆ ಡ್ರಿಲ್ ಮೇಷ್ಟ್ರು, ಎಲ್ಲರೂ ಒಳ್ಳೆಯವರೇ, ಅದೇ ಹೊಟ್ಟೆ ಉರಿಸುವುದು, ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಇಷ್ಟೂ ಸಿಟ್ಟನ್ನು ಅವನ ತಲೆಗೆ ಕಟ್ಟಬಹುದಿತ್ತು — ಸೋಮವಾರ ಬೆಳಗ್ಗೆ ಮಕ್ಕಳು ಪಿನ್ನಿನ ಮೇಲೆ ಬೆರಳಾಡಿಸಿ ನೋಡಿದರು, ಮಿಸ್ ಏನಿದು, ತಪಾಸಣೆ ಮುಗಿಯೋವರೆಗೆ ಅಷ್ಟೇ, ಆಮೇಲೆ ಬಿಚ್ಚೋಣ, ಆ ಹುಡುಗಿ ಎದ್ದು ನಿಂತಳು, ನಾವೇನಾದ್ರೂ ಕೆಟ್ಟದ್ದು ಬರೆದಿದ್ವಾ ಮಿಸ್, ಅಷ್ಟೇ ಕೇಳಿದ್ದು, ಬಾಗಿಲಲ್ಲಿ ಹೆಜ್ಜೆ ಸಪ್ಪಳ, ಬಾಯಿ ಮುಚ್ಚಿ ಕೂತ್ಕೋ ಎಂದಳು, ಅದೂ ಇದೇ ನಾಲಿಗೆ — ಅಧಿಕಾರಿ ನಾಲ್ಕು ನಿಮಿಷ ಪುಸ್ತಕ ತಿರುವಿದರು, ಬಹಳ ಅಚ್ಚುಕಟ್ಟು, ಒಂದು ತಪ್ಪೂ ಇಲ್ವಲ್ಲ ಟೀಚರ್, ಎಲ್ಲಿ, ನೀನು ಬಾಮ್ಮಾ, ಈ ಲೆಕ್ಕ ಮಾಡು, ಯಾರನ್ನಾದರೂ ಕರೆಯಬಹುದಿತ್ತು, ಅವಳನ್ನೇ ಕರೆದರು, ಮೂರನೆಯ ಸಾಲಿನಲ್ಲಿ ಮೈನಸ್ ಬಿಟ್ಟುಹೋಯಿತು, ಅವಳಿಗೇ ಕಂಡಿತು, ಹಿಂದಿನ ವಾರವಾಗಿದ್ದರೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗಿರುತ್ತಿದ್ದಳು, ಈಗ ತಿರುಗಿ ಟೀಚರ ಮುಖ ನೋಡಿದಳು, ಟೀಚರು ಗಡಿಯಾರ ನೋಡಿದಳು, ಹುಡುಗಿ ಡಸ್ಟರ್ ಹುಡುಕಲೂ ಇಲ್ಲ, ಅಂಗೈಯಿಂದಲೇ ಉಜ್ಜಿದಳು, ಸರಿಯಿದ್ದ ಎರಡು ಸಾಲನ್ನೂ ಸೇರಿಸಿ, ಬೋರ್ಡೆಲ್ಲ ಬಿಳಿ ಮೋಡ, ಅಂಗೈ ಬಿಳಿ, ಪರವಾಗಿಲ್ಲ ಹೋಗು ಮಗು, ಎಂದು ಅವರು ಬೆನ್ನು ತಟ್ಟಿದರು, ಅವರೂ ಒಳ್ಳೆಯವರೇ — ಮಂಗಳವಾರ ಬಿಚ್ಚೋಣ ಎಂದುಕೊಂಡಳು, ಪಾಠ ಹಿಂದೆ ಬಿದ್ದಿತ್ತು, ಬುಧವಾರ ಪಿನ್ ಕೀಳುವ ಇಕ್ಕಳ ಆಫೀಸಿನಲ್ಲಿ ಸಿಗಲಿಲ್ಲ, ನೆವ ಬೇಕಾದವರಿಗೆ ನೆವಕ್ಕೇನು ಬರ.

ನಮ್ಮ ಶಾಲೇಲಿ ಇದೇನೂ ಹೊಸದಲ್ಲ ಸರ್, ಹೆಡ್ ಮೇಡಂ ಎದ್ದು ನಿಂತಿದ್ದಾರೆ, ತರಬೇತುದಾರ ಯಾರಾದ್ರೂ ನಿಮ್ಮ ತರಗತಿಯ ಒಂದು ಅನುಭವ ಹೇಳಿ ಎಂದು ಕೇಳಿದ್ದಾನೆ, ನಮ್ಮ ಗಣಿತ ಮೇಡಂ ತಪ್ಪಿಗೇ ಅಂತ ಬೇರೆ ಪುಟ ಇಡ್ಸಿದ್ದಾರೆ, ಇಡೀ ಊರಲ್ಲಿ ಎಲ್ಲೂ ಇಲ್ಲ, ಅದೃಷ್ಟಕ್ಕೆ ಪುಸ್ತಕಾನೂ ಅವರ ಹತ್ತಿರಾನೇ ಇದೆ, ಬನ್ನಿ ಮೇಡಂ, ಸಂಕೋಚ ಯಾಕೆ, ಚಪ್ಪಾಳೆ, ಮೂವತ್ತೆರಡು ಜನರ ಚಪ್ಪಾಳೆ, ಆಕೆಯ ಕಿವಿಯಲ್ಲಿ ಅದು ಖಟ್ ಖಟ್ ಖಟ್, ಎದ್ದಳು, ಮೇಲಿನ ಒಂದು ಪುಸ್ತಕ ಕೈಯಲ್ಲಿ, ಯಾರದೆಂದು ನೋಡಬೇಕಾಗಿಲ್ಲ, ಬೈಂಡಿನ ಮೂಲೆಯಲ್ಲಿ ಅವಳ ಹಲ್ಲುಗುರುತು, ಹೇಳುತ್ತೇನೆ, ಇವತ್ತು ಹೇಳುತ್ತೇನೆ, ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಇಡೀ ಮಾತು ಬಾಯಿಗೆ ಬಂದು ನಿಂತಿದೆ, ಶನಿವಾರ ಕಸದ ಬುಟ್ಟಿ ಅಂದಿರಿ, ಗುರುವಾರ ಕಿರೀಟ ಅಂತೀರಿ, ಬಿಚ್ಚಿ ನೋಡಿ ಸ್ವಾಮಿ ನಿಮ್ಮ ಫ್ರೆಂಡಿನ ಬಾಯಿಗೆ ಹೊಡೆದ ಪಿನ್ನು, ಈಗ ಎಲ್ಲರೆದುರು ಒಂದೊಂದೇ ಕೀಳುತ್ತೇನೆ, ನಲವತ್ತೊಂದು ಪುಸ್ತಕ, ಯಾರೂ ಮನೆಗೆ ಹೋಗಬೇಡಿ — ತರಬೇತುದಾರ ಸ್ಟೂಲು ಎಳೆದುಕೊಟ್ಟ, ಕೂತೇ ಮಾತಾಡಿ ಮೇಡಂ, ಕಾಲು ನೋಯ್ತಿದೆ ಅನ್ಸುತ್ತೆ, ತನ್ನ ಮೇಲೆ ಸಿಟ್ಟಾಗಲೂ ಬಿಡುವುದಿಲ್ಲ ಈ ಹುಡುಗ, ಕೂತಳು, ಪುಸ್ತಕ ತೆರೆದಳು, ಪಿನ್ನಿನ ಕೆಳಗೆ ಉಗುರು ತೂರಿಸಿದಳು, ಗಟ್ಟಿಯಾಗಿರುತ್ತದೆ ಎಂದುಕೊಂಡಿದ್ದಳು, ಸಲೀಸಾಗಿ ಬಂತು, ಎರಡನೆಯದೂ ಮೂರನೆಯದೂ ಬಂತು, ಇದೇನಿದು, ಶನಿವಾರ ಹೊಡೆದ ಪಿನ್ನಿನ ಕಾಲುಗಳು ಒಳಕ್ಕೆ ಮಡಚಿ ನೇರವಾಗಿ ಮಲಗಿದ್ದವು, ಇವು ಸೊಟ್ಟ, ಯಾರೋ ಒಮ್ಮೆ ಬಿಚ್ಚಿ, ಮತ್ತೆ ಅದೇ ತೂತಿಗೆ ತೂರಿಸಿ, ಸ್ಕೇಲಿನಿಂದ ಒತ್ತಿ ಮಡಚಿದ ಹಾಗೆ — ಪುಟ ತೆರೆದರೆ ಖಾಲಿ, ಎರಡೂ ಪುಟ ಖಾಲಿ, ಬೂದು ಬಣ್ಣದ ಉಜ್ಜಿದ ಕಲೆ, ಮುಂದಿನ ಜೋಡಿ, ಅದರ ಪಿನ್ನೂ ಸೊಟ್ಟ, ಅದೂ ಖಾಲಿ, ಅದರ ಮುಂದಿನದೂ, ಡ್ರಾಯರಿನಲ್ಲಿ ಅವಳ ರಬ್ಬರು ಇನ್ನೂ ಇದೆ, ಬೆಳಗ್ಗೆ ಸೀಮೆಸುಣ್ಣ ತೆಗೆಯುವಾಗ ಕಂಡಿತ್ತು, ಹಾಗಾದರೆ ಹೊಸದು, ಹೊಸ ರಬ್ಬರು ತಂದು ಎಲ್ಲವನ್ನೂ ಉಜ್ಜಿದ್ದಾಳೆ, ಆರು ತಿಂಗಳನ್ನು, ಉಜ್ಜಿ ಮತ್ತೆ ಪಿನ್ನು ಹಾಕಿದ್ದಾಳೆ, ಟೀಚರು ಹೊಡೆದದ್ದು ಹೊಡೆದ ಹಾಗೇ ಇರಲಿ ಎಂದು, ಟೀಚರಿಗೆ ತೊಂದರೆಯಾಗದಿರಲಿ ಎಂದು — ಹೇಳಿ ಮೇಡಂ, ಎರಡೇ ಮಾತು, ಕೆಳಗಿನಿಂದ ಹೆಡ್ ಮೇಡಂ ನಗುಮುಖ, ಬಾಯಿಯಲ್ಲಿ ಸಿದ್ಧವಾಗಿದ್ದ ಮಾತೆಲ್ಲ ಎಲ್ಲಿ ಹೋಯಿತು, ಆ ಮಾತಿನಲ್ಲಿ ಬರೀ ನೀವು ನೀವು ನೀವು ಇತ್ತು, ತರಬೇತುದಾರ ಕಾಲರಿನ ಮೈಕು ಬಿಚ್ಚಿ ಮೆಲ್ಲಗೆ ಆಕೆಯ ಬಾಯಿಯ ಹತ್ತಿರ ಹಿಡಿದ, ಪುಟವನ್ನು ಓರೆಯಾಗಿ ಹಿಡಿದರೆ ಬೆಳಕಿಗೆ ಪೆನ್ಸಿಲಿನ ಗೀರು ಮಾತ್ರ ಕಾಣುತ್ತದೆ, ಅರ್ಧ ಪುಟದಷ್ಟು ದೊಡ್ಡದು, ಕಳ್ಳ ಸಿಕ್ಕಿಬಿದ್ದ, ಬಣ್ಣವಿಲ್ಲದ ಅಕ್ಷರ, ಅಲ್ಲಿ ಹೆಚ್ಚು ಹೊತ್ತು ಉಜ್ಜಿದ್ದಾಳೆ, ಗಟ್ಟಿಯಾಗಿ ಉಜ್ಜಿದ್ದಾಳೆ — ಪಿನ್ ಹೊಡೆದವಳು ನಾನು, ಎಂದಳು ಆಕೆ, ಮೈಕು ಅದನ್ನು ಎತ್ತಿಕೊಂಡು ಸಭಾಂಗಣದ ಕೊನೆಯವರೆಗೆ ಒಯ್ದಿತು, ಯಾವ ಪಿನ್ನು ಮೇಡಂ, ಯಾರೋ ನಕ್ಕರು, ಆಮೇಲೆ ನಗು ನಿಂತಿತು, ಡ್ರಿಲ್ ಮೇಷ್ಟ್ರು ತಲೆ ತಗ್ಗಿಸಿದರು, ಇನ್ನೂ ಹೇಳಬೇಕು, ಏನಾಯ್ತು ಅಂತ ಪಕ್ಕದಲ್ಲಿ ಬರೆಯಬೇಕು, ಆದರೆ ಕಣ್ಣು ಅಲ್ಲೇ ನಿಂತಿದೆ, ಬಲಪುಟದ ನಡುವೆ, ಕಡಲೆಕಾಳಿನಷ್ಟು, ಸವೆದು ಸವೆದು ಹರಿದದ್ದು, ಅದರೊಳಗಿಂದ ಮುಂದಿನ ಹಾಳೆಯ ಸರಿಯುತ್ತರದ ಒಂದೇ ಒಂದು ಅಂಕಿ ಹೊರಗೆ ನೋಡುತ್ತಿದೆ, ಏಳು, ಅದರ ಎಡಕ್ಕೆ ಮೈನಸ್ ಇರಬೇಕು, ಇದೆಯೋ ಇಲ್ಲವೋ ತೂತಿನಲ್ಲಿ ಕಾಣುವುದಿಲ್ಲ, ಏಳು, ಬರೀ ಏಳು, ತೂತು.