ಅವ್ವನ ಹಂಡೆಯಲ್ಲಿ ಸಮುದ್ರ

ಧಾರವಾಡದಲ್ಲಿ ಸಮುದ್ರ ಸಾಕುತ್ತೇನೆ ಎಂದು ನಾನು ಹೇಳಿದ ದಿನ ನಮ್ಮ ಪ್ರಾಣಿಶಾಸ್ತ್ರ ವಿಭಾಗದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ೧೯೬೩ರಲ್ಲಿ ನಮ್ಮ ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸರೇ ಬೆರಳೆಣಿಕೆಯಷ್ಟು. ಅವರಲ್ಲಿ ಊರ ಹೊರಗಿನ ಕೇರಿಯಿಂದ ಬಂದವಳು ನಾನೊಬ್ಬಳೇ. ನಗುವವರನ್ನು ನೋಡಿ ನೋಡಿ ನನ್ನ ಚರ್ಮ ದಪ್ಪವಾಗಿತ್ತು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ವಿಭಾಗದ ಮುಖ್ಯಸ್ಥರು ಚನ್ನಯ್ಯ ಸರ್. ಮನುಷ್ಯ ಒಳ್ಳೆಯವರೇ, ಆದರೆ ಮೀನೆಂದರೆ ಬಾಟಲಿಯ ಔಷಧದೊಳಗೆ ಬಿಳಿಚಿಕೊಂಡು ನಿಂತಿರಬೇಕು, ಈಜಾಡಬಾರದು ಎಂಬಂತೆ ಮಾತಾಡುತ್ತಿದ್ದರು. ಬೇಡಿ ಬೇಡಿ ಸುಸ್ತಾದ ಮೇಲೆ ಮೂಲೆಯ ಕೋಣೆ ಕೊಟ್ಟರು, ಜೊತೆಗೊಂದು ಷರತ್ತನ್ನೂ ಹಾಕಿದರು.

"ನೋಡ್ರಿ ಕಸ್ತೂರಿ ಬಾಯಾರ, ವರ್ಷದ ಗ್ಯಾದರಿಂಗ್ ದಿವಸ ಊರ ಮಂದಿ ಎಲ್ಲಾ ಕಾಲೇಜ ನೋಡಾಕ ಬರ್ತಾರ. ಅವತ್ತ ನಿಮ್ಮ ಮೀನ ಜೀವಂತ ಇದ್ವು ಅಂದ್ರ ಕೋಣಿ ನಿಮ್ಮದು. ಸತ್ತು ತೇಲಾಕತ್ತಿದ್ವು ಅಂದ್ರ ಮರುದಿವಸಾನ ಅಲ್ಲಿ ಸೈಕಲ್ ನಿಲ್ಲಸ್ತೇವಿ. ಜಾಗಾ ಸಾಲವಲ್ದು."

ನನ್ನ ಸಮುದ್ರದ ಜಾಗದಲ್ಲಿ ಸೈಕಲ್ಲು! ಪಿತ್ತ ನೆತ್ತಿಗೇರಿತು. ಹಲ್ಲು ಕಚ್ಚಿಕೊಂಡು "ಆಗಲಿ ಸರ್" ಅಂದೆ.

ಬೆಂಗೇರಿಯ ಬಡಿಗರೊಬ್ಬರು ತೇಗದ ಚೌಕಟ್ಟಿಗೆ ದಪ್ಪ ಗಾಜು ಕೂಡಿಸಿ ತೊಟ್ಟಿ ಮಾಡಿಕೊಟ್ಟರು. ಕಾರವಾರಕ್ಕೆ ಉಳ್ಳಾಗಡ್ಡಿ, ಮೆಣಸಿನಕಾಯಿ ಒಯ್ಯುವ ಲಾರಿಯ ಗುಲಾಬಸಾಬ ಬರುವಾಗ ದೊಡ್ಡ ಗಾಜಿನ ಜಾಡಿಗಳಲ್ಲಿ ಸಮುದ್ರದ ನೀರು ತಂದ. ಅದರೊಂದಿಗೆ ಬೆಸ್ತರ ಕಡೆಯಿಂದ ಪಟ್ಟೆಪಟ್ಟೆಯ ಸಣ್ಣ ಮೀನುಗಳು, ನಾಲ್ಕಾರು ಏಡಿ, ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳುವ ಒಂದು ಪ್ರಾಣಿಯನ್ನೂ ತಂದ. ನೀರಿಗೆ ಗಾಳಿ ಊದಲು ಯಂತ್ರವಿರಲಿಲ್ಲ. ಅವನೇ ಲಾರಿಯ ಹಳೆಯ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಸಣ್ಣ ರಬ್ಬರ್ ನಳಿಗೆ ಸಿಕ್ಕಿಸಿ, ಗುಳುಗುಳು ಎಂದು ಗುಳ್ಳೆ ಬರುವಂತೆ ಮಾಡಿಟ್ಟ.

ಮಿಕ್ಕ ನೀರನ್ನು ಎಲ್ಲಿಡುವುದು? ಜಾಡಿಗಳು ಗುಲಾಬಸಾಬನಿಗೆ ಮರಳಿ ಬೇಕಾಗಿದ್ದವು. ಆಗ ನಮ್ಮವ್ವ, ಶೇವಂತೆವ್ವ, ಹಂಡೆಯ ಮಾತು ತೆಗೆದಳು.

ಆ ಹಂಡೆಯ ಬಗ್ಗೆ ಹೇಳಲೇಬೇಕು. ಅವ್ವ ಹುಟ್ಟಿದ ಹಳ್ಳಿಯಲ್ಲಿ ನಮ್ಮವರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದೂರದಲ್ಲಿ ಮಣ್ಣಿನ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಮರು ಮೇಲಿಂದ ನೀರು ಸುರಿಯುವವರೆಗೆ ಬಿಸಿಲಲ್ಲಿ ನಿಲ್ಲಬೇಕಿತ್ತು. ನನಗೆ ನೌಕರಿ ಸಿಕ್ಕಾಗ ಅವ್ವ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ತಾಮ್ರದ ಹಂಡೆ ಕೇಳಿದಳು. ಕೆಲಗೇರಿಯ ನಮ್ಮ ಬಾಡಿಗೆ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಅದಕ್ಕೊಂದು ಜಾಗ. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಸುತ್ತಿದ್ದಳು.

"ನಿನ್ನ ಸಮುದ್ರ ನನ್ನ ಹಂಡ್ಯಾಗ ಇರ್ಲಿ" ಅಂದಳು. "ತಾಮ್ರದಾಗ ಇಟ್ಟ ನೀರ ಶುದ್ಧ ಇರ್ತಾವ."

ನಮ್ಮ ಕಡೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನೂ ಎಂ.ಎಸ್ಸಿ. ಓದಿದವಳು, ತಲೆಯಾಡಿಸಿ ಹಂಡೆಯನ್ನು ಕಾಲೇಜಿಗೆ ಸಾಗಿಸಿದೆ. ಕೆಲ ದಿನ ಬಿಟ್ಟು ತೊಟ್ಟಿಯ ಹಳೆಯ ನೀರನ್ನು ಸ್ವಲ್ಪ ತೆಗೆದು ಹಂಡೆಯ ನೀರು ಹಾಕಿದೆ. ಮರುದಿನ ಬಾಗಿಲು ತೆಗೆದರೆ ಏಡಿಗಳೆಲ್ಲ ಅಂಗಾತ ಬಿದ್ದಿವೆ. ಅರಳಿದ್ದ ಹೂವು ಒಣಗಿದ ಹುಣಸೆ ತೊಳೆಯಂತೆ ಮುದುಡಿದೆ. ಹಂಡೆಯೊಳಗೆ ಇಣುಕಿದರೆ ಒಳಗೋಡೆಗೆ ಹಸಿರು ಪಟ್ಟಿ ಕಟ್ಟಿದೆ. ಉಪ್ಪುನೀರು ತಾಮ್ರವನ್ನು ತಿಂದು ಕರಗಿಸಿಕೊಂಡಿತ್ತು.

ಸಿಟ್ಟಿಗೆ ತಡೆ ಎಲ್ಲಿ? ಹಂಡೆಯನ್ನು ಮನೆಗೆ ತಂದು ಧಡ್ಡನೆ ಇಟ್ಟೆ.

"ಅವ್ವಾ, ನಿನ್ನ ಹಂಡಿ ವಿಷ ಕಾರೈತಿ! ಎಲ್ಲಾ ಸತ್ತಾವು!"

ಅವ್ವ ನನ್ನ ಮುಖ ನೋಡಿದಳು, ಹಂಡೆ ನೋಡಿದಳು. "ಹಿಂಗೋ? ಆತು. ಇನ್ನ ಈ ಹಂಡಿ ಕಡೆ ಬರಬ್ಯಾಡ ನೀ" ಎಂದು ಹುಣಸೆಹಣ್ಣು ಹುಡುಕಲು ಒಳಗೆ ಹೋದಳು.

ಮೀನುಗಳು ಮಾತ್ರ ಗಟ್ಟಿಯಾಗಿದ್ದವು. ಗುಲಾಬಸಾಬ ತಂದ ಹೊಸ ನೀರಿಗೆ ಅವನ್ನೆಲ್ಲ ದಾಟಿಸಿದೆ, ಒಂದನ್ನು ಬಿಟ್ಟು. ಅದೊಂದು ಜಗಳಗಂಟ ಮೀನು, ಉಳಿದವುಗಳ ಬಾಲ ಕಚ್ಚುವುದೇ ಅದರ ಉದ್ಯೋಗ. ನಮ್ಮಿಬ್ಬರ ಸ್ವಭಾವ ಒಂದೇ ಎಂದು ಅದರ ಮೇಲೆ ಪ್ರೀತಿಯಿದ್ದರೂ, ಶಿಕ್ಷೆಗೆಂದು ಅದನ್ನು ಕಿಟಕಿಯ ಬಳಿಯ ಸಣ್ಣ ಗಾಜಿನ ಪಾತ್ರೆಯಲ್ಲಿ, ಅದೇ ಹಳೆಯ ತಾಮ್ರದ ನೀರಿನಲ್ಲಿ ಬಿಟ್ಟಿದ್ದೆ.

ಗ್ಯಾದರಿಂಗ್ ಹತ್ತಿರ ಬರುತ್ತಿದ್ದಂತೆ ನಿಜವಾದ ಕಂಟಕ ಶುರುವಾಯಿತು. ದೊಡ್ಡ ತೊಟ್ಟಿಯ ಮೀನುಗಳ ಮೈಮೇಲೆ ಯಾರೋ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ತಿಕ್ಕುತ್ತವೆ, ಏದುಸಿರು ಬಿಡುತ್ತವೆ, ತಿನ್ನಲು ಹಾಕಿದರೆ ಮುಖ ತಿರುಗಿಸುತ್ತವೆ. ಎರಡು ಸತ್ತವು. ತಳದ ಮರಳಿನ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಕಣ್ಣಿಗೆ ಕಾಣದಂಥ ಜೀವಿಗಳು ಬುಗುರಿಯಂತೆ ತಿರುಗುತ್ತಿವೆ. ಕಡಲಿನ ವಿಸ್ತಾರದಲ್ಲಿ ಇವು ಮೀನನ್ನು ಅಷ್ಟಾಗಿ ಕಾಡುವುದಿಲ್ಲ. ನನ್ನ ಇಕ್ಕಟ್ಟಿನ ತೊಟ್ಟಿಯಲ್ಲಿ ಅವುಗಳಿಗೆ ಹಬ್ಬವಾಗಿತ್ತು. ಕಡಲಿನಿಂದ ತಂದ ಮೀನನ್ನು ಮೊದಲು ಬೇರೆ ಇಟ್ಟು, ರೋಗವಿಲ್ಲ ಎಂದು ಖಾತ್ರಿ ಮಾಡಿಕೊಂಡೇ ತೊಟ್ಟಿಗೆ ಬಿಡಬೇಕು ಎಂಬುದು ನನಗೆ ತಲೆಗೆ ಹತ್ತಿದ್ದು ಆಗ.

ಚನ್ನಯ್ಯ ಸರ್ ಬಾಗಿಲಲ್ಲಿ ನಿಂತು ಲೊಚಗುಟ್ಟಿದರು. "ಪಾಪ ಅನಸ್ತೈತ್ರಿ ಬಾಯಾರ. ಸೈಕಲ್‌ಗೆ ಈ ಬ್ಯಾನಿ ಬರೂದಿಲ್ಲ ನೋಡ್ರಿ."

ಅವರಿಗೆ ಏನಾದರೂ ಖಾರವಾಗಿ ಹೇಳಬೇಕೆಂದು ತಿರುಗಿದವಳಿಗೆ ಕಿಟಕಿಯ ಬಳಿಯ ಪಾತ್ರೆ ಕಣ್ಣಿಗೆ ಬಿತ್ತು. ಜಗಳಗಂಟ ತನ್ನ ನೆರಳಿನೊಂದಿಗೇ ಜಗಳವಾಡುತ್ತ ಗಿರಗಿರ ತಿರುಗುತ್ತಿತ್ತು. ಅದೇ ಕಡಲು, ಅದೇ ಲಾರಿ, ಅದೇ ಬಳಗದ ಮೀನು. ಮೈಮೇಲೆ ಒಂದೂ ಚುಕ್ಕೆ ಇಲ್ಲ.

ಬುಗುರಿಗಳು ತಿರುಗುತ್ತಿದ್ದ ಗಾಜಿನ ಪಟ್ಟಿಯ ಮೇಲೆ ಜಗಳಗಂಟನ ನೀರಿನ ಒಂದೆರಡು ಹನಿ ಬಿಟ್ಟು ಕಣ್ಣು ಹಚ್ಚಿ ಕೂತೆ. ಸ್ವಲ್ಪ ಹೊತ್ತು ತಿರುಗಿದವು. ಆಮೇಲೆ ವಾಲಿದವು. ಆಮೇಲೆ ಒಂದೊಂದಾಗಿ ನಿಂತೇಬಿಟ್ಟವು.

"ಸತ್ತವ್ರೀ ಸರ್!" ಎಂದು ಕಿರುಚಿದೆ.

"ಮೀನೇನ್ರಿ?"

"ಮೀನಲ್ರೀ, ಬ್ಯಾನಿ! ಬ್ಯಾನಿ ಸಾಯಾಕತ್ತೈತಿ!"

ಏಡಿಯನ್ನು ಕೊಂದ ತಾಮ್ರ ರೋಗವನ್ನೂ ಕೊಲ್ಲುತ್ತಿತ್ತು, ಮೀನು ಮಾತ್ರ ಅದನ್ನು ತಾಳಿಕೊಳ್ಳುತ್ತಿತ್ತು. ಎಲ್ಲ ಇರುವುದು ಹದದಲ್ಲಿ. ಹೆಚ್ಚಾದರೆ ಮೀನೂ ಉಳಿಯದು. ರಸಾಯನಶಾಸ್ತ್ರ ವಿಭಾಗದವರ ಬೆನ್ನು ಹತ್ತಿ ಜಗಳಗಂಟನ ನೀರಿನಲ್ಲಿ ತಾಮ್ರ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿದೆ. ಇನ್ನು ಅದೇ ಹದದ ನೀರು ಬೇಕು. ಅದಕ್ಕೆ ಹಂಡೆ ಬೇಕು.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ವಿಷದ ಹಂಡಿ ಈಗ್ಯಾಕ ಬೇಕಾತವಾ?"

"ಆ ವಿಷಾನ ಬೇಕಾಗೇತಿ ಅವ್ವಾ. ಮೀನಿಗೆ ಔಷಧ ಅದು."

"ತಪ್ಪಾತು ಅನ್ನು."

"ತಪ್ಪಾತವ್ವಾ."

"ನನಗಲ್ಲ. ಹಂಡಿಗೆ ಅನ್ನು."

ಎಂ.ಎಸ್ಸಿ. ಓದಿದ ನಾನು ಬುದ್ಧನ ಪಟದ ಕೆಳಗೆ ನಿಂತು ಹಂಡೆಗೆ ಕೈಮುಗಿದು ತಪ್ಪಾಯಿತು ಅಂದೆ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಹಂಡೆ ಎತ್ತಿಕೊಂಡು ಓಡಿದೆ.

ಹಂಡೆಯಲ್ಲಿ ನೆನೆದ ನೀರನ್ನು ಬೇರೊಂದು ತೊಟ್ಟಿಯ ನೀರಿಗೆ ಸ್ವಲ್ಪಸ್ವಲ್ಪವೇ ಬೆರೆಸಿ, ಪರೀಕ್ಷಿಸಿ, ಮತ್ತೆ ಬೆರೆಸಿ, ಜಗಳಗಂಟನ ನೀರಿನ ಹದಕ್ಕೆ ತಂದು ರೋಗಿಗಳನ್ನೆಲ್ಲ ಅಲ್ಲಿಗೆ ದಾಟಿಸಿದೆ. ಅಲ್ಲಿ ಮರಳಿಲ್ಲ, ಕಲ್ಲಿಲ್ಲ, ರೋಗ ಅಡಗಿ ಕೂರಲು ಜಾಗವೇ ಇಲ್ಲ. ದೊಡ್ಡ ತೊಟ್ಟಿಯನ್ನು ಬರಿದು ಮಾಡಿ, ಮರಳನ್ನು ಸಿಹಿನೀರಲ್ಲಿ ತೊಳೆದು ಬಿಸಿಲಿಗೆ ಹರವಿದೆ. ಚುಕ್ಕೆಗಳು ತಕ್ಷಣ ಹೋಗಲಿಲ್ಲ. ನಡುವೆ ಇನ್ನೊಂದು ಮೀನು ಸತ್ತಿತು, ನಾನು ಕೂತು ಅತ್ತೆ. ಆಮೇಲೆ ಒಂದು ಬೆಳಿಗ್ಗೆ ಹುರಿದ ಸಿಗಡಿಯ ಚೂರು ಹಾಕಿದರೆ ಎಲ್ಲವೂ ಮೇಲೆ ನುಗ್ಗಿ ಬಂದು ಕಿತ್ತಾಡಿದವು. ಮೈ ಕನ್ನಡಿಯಂತೆ ಸ್ವಚ್ಛ. ಅಂಥ ಹಿಗ್ಗು ನನಗೆ ಡಿಗ್ರಿ ಕೈಗೆ ಬಂದಾಗಲೂ ಆಗಿರಲಿಲ್ಲ.

ಗ್ಯಾದರಿಂಗ್ ದಿನ ಕೋಣೆಯ ಮುಂದಿನ ಸಾಲು ಗೇಟು ದಾಟಿತ್ತು. ವ್ಯಾಪಾರಸ್ಥರು, ರಾಯಾಪುರದ ಕಡೆಯ ಗೌಡರು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು. ಹೆಚ್ಚಿನವರು ಜನ್ಮದಲ್ಲಿ ಸಮುದ್ರ ಕಂಡವರಲ್ಲ. ಹೊಸ ನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಪಟ್ಟೆ ಮೀನುಗಳು ಮದುವೆ ದಿಬ್ಬಣದಂತೆ ಸುತ್ತುತ್ತಿದ್ದವು. ಜಗಳಗಂಟನಿಗೆ ಪ್ರತ್ಯೇಕ ಪಾತ್ರೆ, ಗೌರವದ ಸ್ಥಾನ. ಚನ್ನಯ್ಯ ಸರ್ ಅಂತೂ ತಾವೇ ಕಡಲಿಗೆ ಹೋಗಿ ಹಿಡಿದು ತಂದವರಂತೆ ಎಲ್ಲರಿಗೂ ವಿವರಿಸುತ್ತಿದ್ದರು. ನನ್ನತ್ತ ತಿರುಗಿ, "ಸೈಕಲ್ ಬಿಸಲಾಗ ನಿಲ್ಲಲಿ ಬಿಡ್ರಿ ಬಾಯಾರ" ಅಂದರು.

ಮೀನಿನ ಔಷಧ ತಯಾರಾದ ಪಾತ್ರೆ ಎಂದು ಹಂಡೆಯನ್ನೂ ತೊಟ್ಟಿಯ ಪಕ್ಕದಲ್ಲಿಟ್ಟಿದ್ದೆ. ಅವ್ವ ಅದಕ್ಕೆ ಕಾವಲು ನಿಂತಂತೆ ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಹಂಡೆಯಲ್ಲಿ ಗುಲಾಬಸಾಬ ಆ ಬೆಳಿಗ್ಗೆಯಷ್ಟೇ ತಂದು ಸುರಿದ ಕಡಲ ನೀರಿತ್ತು. ಜರಿಯ ರುಮಾಲಿನ ಮುದುಕರೊಬ್ಬರು ಕೇಳಿದರು, "ಇದು ಖರೇ ಸಮುದ್ರದ ನೀರೇನ್ರಿ?"

"ಖರೇರಿ" ಅಂದೆ.

ಅವರು ಚಪ್ಪಲಿ ಕಳಚಿದರು. ಹಂಡೆಯಲ್ಲಿ ಬೆರಳದ್ದಿ, ಕಣ್ಣಿಗೆ ಒತ್ತಿಕೊಂಡು, ತಲೆಯ ಮೇಲೆ ಪ್ರೋಕ್ಷಿಸಿಕೊಂಡರು. ಅವರ ಹಿಂದಿನವರೂ ಹಾಗೇ ಮಾಡಿದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾಲು ತೊಟ್ಟಿ ಬಿಟ್ಟು ಹಂಡೆಯ ಕಡೆ ಹೊರಳಿತು.

"ಕುಡಿಬ್ಯಾಡ್ರಿ! ತಲಿಗಷ್ಟ ಹಾಕ್ಕೋರಿ!" ಎಂದು ನಾನು ಕೂಗುತ್ತಿದ್ದೆ. ಅವ್ವ ಮೊದಲು ದಂಗಾಗಿ ನಿಂತಿದ್ದಳು. ಆ ರುಮಾಲುಗಳನ್ನು, ಚಾಚಿದ ಆ ಬೊಗಸೆಗಳನ್ನು ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿ ಬಂತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೋಟ ಹಿಡಿದು, ತಾನೇ ಹನಿಸಲು ಶುರುಮಾಡಿದಳು.

ಗದ್ದಲಕ್ಕೆ ಹೆದರಿ ಗೋಡೆಗೆ ಆತು ನಿಂತಿದ್ದ ಮುದುಕಿಯೊಬ್ಬಳು ಅಲ್ಲಿಂದಲೇ ಬೊಗಸೆ ಚಾಚಿದಳು. ಅವ್ವ ಲೋಟ ಕೆಳಗಿಟ್ಟಳು. ಹೋಗಿ ಅವಳ ಕೈ ಹಿಡಿದು ಹಂಡೆಯ ಬಳಿಗೆ ಕರೆತಂದಳು.

"ದೂರ ಯಾಕ ನಿಂದ್ರತೀರಿ? ಹಂತೇಕ ಬರ್ರಿ" ಅಂದಳು. "ನೀವ ಕೈ ಹಾಕಿ ತೊಗೋರಿ. ಇದು ನನ್ನ ಹಂಡಿ."